ಮಗಳನ್ನು ಕರೆಯುವ ಹೆಸರು

ಬನಹಟ್ಟಿ

ಆಟಿಸಂ ಸಂಶೋಧನೆಗೆಂದು ನಮ್ಮ ಮನೆಗೆ ಬಂದಿದ್ದ ಮೇಡಂ ಅವರಿಗೆ ನಮಸ್ಕಾರ.

ಮೂರು ಸಲ ಹೆಸರು ಕರೆದರೂ ನನ್ನ ಮಗಳು ತಿರುಗಲಿಲ್ಲವೆಂದು ಬರೆದುಕೊಂಡು, ವಿಡಿಯೊ ಮಾಡಿಕೊಂಡು ಹೋದಿರಿ. ಅದನ್ನು ಯಾರಿಗೆ ತೋರಿಸುತ್ತೀರಿ ಎಂದು ಕೇಳಲು ಅವತ್ತು ನಾಚಿದೆ, ಈಗ ಕೇಳುತ್ತಿದ್ದೇನೆ.

ನೀವು ಕರೆದದ್ದು ಮಗಳಿಗೆ ಇಟ್ಟಿರುವ, ತೀರಿಹೋದ ನಮ್ಮ ಅತ್ತೆಯ ಹೆಸರು. ಸೊಸೆಯಾದ ನಾನು ಅದನ್ನು ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಮಗಳನ್ನು ಅಜ್ಜಿಯನ್ನು ಕರೆಯುವ ಹಾಗೆ ‘ಆಯಿ’ ಎನ್ನುತ್ತೇವೆ.

“ಕೂಸು ಕಿವುಡಲ್ಲ ಬಿಡವಾ, ಅವರ ಕಾಗದಾನ ಕಿವುಡೈತಿ” ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ. ಅವಳು ದಿನವಿಡೀ ಮಗ್ಗದ ನೂಲು ಸುತ್ತಿದ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಾಳೆ.

ಆ ಕಾಗದ ಮುಂದೆ ಕಳಿಸುವ ಮೊದಲು ಇನ್ನೊಮ್ಮೆ ಬಂದು ‘ಆಯಿ’ ಎಂದು ಕರೆಯಿರಿ. ನೀವು ಹೋದ ಮೇಲೆ ನಾನು ಅವಳ ಹಿಂದೆ ನಿಂತು ಕರೆದು ನೋಡಿಲ್ಲ. ಹೆದರಿಕೆಯಾಗುತ್ತದೆ.

ಇಂತಿ ನಿಮ್ಮ ದಾರಿ ಕಾಯುವ,
ಅಕ್ಷತಾ