ಕಾಯಿಲೆ ಕಂಡವನೇ ಬೇಕು, ಮಾತ್ರೆ ನುಂಗುವವನು ಬೇಡ

ಕರೆದು ಕೂರಿಸಿ, ಪಾಠ ಹೇಳಿ, ಕೊನೆಗೆ ಎಲ್ಲರೆದುರು ಹೊರಗಟ್ಟಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ಜಗಳೂರಿನ ಕೊಟ್ರೇಶನ ಬಲಗೈ ಮಣಿಕಟ್ಟು ಮುರಿದಿದೆ. ಮುರಿದವರು ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಗುಂಪುಗೂಡಿದ ಜನ. ಆದರೆ ಅವನನ್ನು ಆ ಗುಂಪಿನ ಕೈಗೆ ಒಪ್ಪಿಸಿದ್ದು ತಾವು ಹಾಕಿದ ಒಂದು ಷರತ್ತು. ಹೊಡೆದವರಲ್ಲಿ ಕೆಲವರ ಮೇಲಾದರೂ ಕೇಸಾಗಿದೆ. ಷರತ್ತಿನ ಮೇಲೆ ಯಾರೂ ಕೇಸು ಹಾಕುವುದಿಲ್ಲವಲ್ಲ, ಅದಕ್ಕೇ ಈ ಪತ್ರ.

ನಾನು ಕೆರೆಬಿಳಚಿಯವಳು, ಬಟ್ಟೆ ಹೊಲಿಯುತ್ತೇನೆ. ನನ್ನ ಯಜಮಾನರು ಅರುಣ್ ಕುಮಾರ್, ಚನ್ನಗಿರಿಯಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರಿಗೆ, ಅಂಗಡಿಗೆ ಬಂದವರೆಲ್ಲ ತಮ್ಮನ್ನು ಮುಗಿಸಲು ಸಂಚು ಮಾಡುತ್ತಿದ್ದಾರೆ ಎನಿಸತೊಡಗಿತು. ಯಾರೂ ಇಲ್ಲದಾಗಲೂ ಬೈಗುಳ ಕೇಳಿಸುತ್ತಿತ್ತು. ಅಂಗಡಿ ಮುಚ್ಚಿತು. ಆಮೇಲೆ ಕೋಣೆಯ ಬಾಗಿಲೂ ಮುಚ್ಚಿತು. ನಮ್ಮತ್ತೆ ನನ್ನ ಕಾಲ್ಗುಣ ಎಂದರು. ನೆಂಟರು ಮಾಟ ಎಂದರು. ಡಾಕ್ಟರು ಸರಿಯಾದ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಯಜಮಾನರು ಅದನ್ನು ಕಿಟಕಿಯಿಂದ ಎಸೆದರು.

ಅಂಥ ಹೊತ್ತಿನಲ್ಲಿ ತಮ್ಮ ಕಚೇರಿಯಿಂದ ಆಶಾ ಕಾರ್ಯಕರ್ತೆಯ ಮೂಲಕ ಸುದ್ದಿ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕುಗಳಿಂದ, ಮಾನಸಿಕ ಕಾಯಿಲೆ ಅನುಭವಿಸಿ ಚೇತರಿಸಿಕೊಂಡವರನ್ನೂ ಅಂಥ ಕಾಯಿಲೆಯವರ ಮನೆಯವರನ್ನೂ ಆರಿಸಿ ತರಬೇತಿ ಕೊಡುತ್ತೇವೆ, ಅವರು ಬೇರೆ ಮನೆಗಳಿಗೆ ಹೋಗಿ ಆಸರೆಯಾಗಬೇಕು ಎಂದು. ತಮ್ಮ ಕಾಗದದಲ್ಲಿ ಅದಕ್ಕೆ ಕೋಚ್ ಎಂದು ಹೆಸರು. ನಾವು ಜೊತೆಗಾರರು ಎಂದುಕೊಂಡೆವು. ನಿಜ ಹೇಳುತ್ತೇನೆ, ಸರ್ಕಾರದ ಕಚೇರಿಯೊಂದಕ್ಕೆ ಇಷ್ಟು ಬುದ್ಧಿ ಬಂದದ್ದು ನೋಡಿ ನನಗೆ ಕಣ್ಣು ತುಂಬಿತ್ತು. ಆ ಕಣ್ಣೀರು ದಂಡವಾಯಿತು, ಅದು ಬೇರೆ ಮಾತು.

ಕಾಯಿಲೆಯವರ ಮನೆಯವಳೆಂದು ನಾನೂ ಸೇರಿದೆ. ಹೊನ್ನಾಳಿಯಲ್ಲಿ ನಡೆದ ಆ ತರಬೇತಿಯಲ್ಲೇ ಕೊಟ್ರೇಶನ ಪರಿಚಯವಾದದ್ದು. ನನಗಿಂತ ಚಿಕ್ಕವನು, ಅಕ್ಕಾ ಎನ್ನುತ್ತಾನೆ. ಜಗಳೂರಿನಲ್ಲಿ ತಾಯಿ ಗಾದ್ರಮ್ಮನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಾನೆ. ಗಿರಣಿಯ ಸದ್ದಿನೊಳಗೆ ಯಾರೋ ತನ್ನನ್ನು ಬೈಯುವುದು ಕೇಳುತ್ತಿತ್ತಂತೆ. ವರ್ಷಗಟ್ಟಲೆ ನರಳಿ, ಮಾತ್ರೆ ಹಿಡಿದು, ಮತ್ತೆ ಗಿರಣಿಯ ಮುಂದೆ ನಿಂತವನು.

ತರಬೇತಿಯ ಅಭ್ಯಾಸಕ್ಕೆಂದು ಅವನು ನಮ್ಮ ಮನೆಗೆ ಬಂದ ದಿನವನ್ನು ತಮಗೆ ಹೇಳಲೇಬೇಕು. ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತ. ಕಾಯಿಲೆಯ ಮಾತೇ ಎತ್ತಲಿಲ್ಲ.

"ಅಣ್ಣಾ, ನಮ್ ಗಿರಣಿ ಮೋಟ್ರು ಸಿಕ್ಕಾಪಟ್ಟೆ ಕಾಯ್ತೈತ್ರಿ. ಎರಡು ಸಲ ರಿಪೇರಿ ಮಾಡ್ಸಿದ್ರೂ ಹಂಗೇ ಐತಿ. ಏನ್ ಮಾಡಾಕೆ ಬರ್ತೈತೆ?"

ಅಲ್ಲೇ ಕೂತು ನಾನು ಕೊಟ್ಟ ಟೀ ಕುಡಿದ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ನನ್ನ ಯಜಮಾನರ ದನಿ ಬಂತು: "ಬೇರಿಂಗ್ ನೋಡಿದ್ರಾ?"

ಹಾಗೆ ಶುರುವಾಯಿತು. ಮೂರನೆಯ ಸಲ ಅವನು ಬಂದಾಗ ಬಾಗಿಲು ಅರ್ಧ ತೆರೆಯಿತು. ಯಜಮಾನರು ಕೇಳಿದರು, "ನಿಮಗೂ ಕೇಳ್ತಿತ್ತಂತೆ?"

"ಈಗ್ಲೂ ಒಂದೊಂದ್ ಸಲ ಕೇಳ್ತೈತ್ರಿ ಅಣ್ಣಾ. ನಾನು ಜವಾಬು ಕೊಡಾಕೆ ಹೋಗಲ್ಲ. ಮಾತ್ರೆ ತಗೊಂಡ್ರೆ ಅದ್ರ ದನಿ ಸಣ್ಣದಾಗ್ತೈತಿ."

ಮುಂದಿನ ವಾರ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ಡಾಕ್ಟರ ಮಾತಿಗೆ, ನನ್ನ ಅಳುವಿಗೆ, ಅತ್ತೆಯ ಹರಕೆಗೆ ತೆರೆಯದ ಬಾಗಿಲು ಅವನಿಗೆ ತೆರೆಯಿತು. ಯಾಕೆ ತೆರೆಯಿತು ಎಂಬುದು ತಮಗೂ ಗೊತ್ತಿರಬೇಕು. ಇಡೀ ಯೋಜನೆ ನಿಂತಿದ್ದೇ ಆ ಒಂದು ತಿಳಿವಳಿಕೆಯ ಮೇಲೆ.

ಇನ್ನು ತಾವು ಸ್ವತಃ ದಯಮಾಡಿಸಿದ ಸಮಾರಂಭಕ್ಕೆ ಬರುತ್ತೇನೆ. ಗುರುತಿನ ಚೀಟಿ ಕೊಡುವ ದಿನ. ಹೂಗುಚ್ಛ, ಶಾಲು, ಸ್ವಾಗತ ಭಾಷಣ, ಯಾವುದಕ್ಕೂ ಕೊರತೆ ಇರಲಿಲ್ಲ. ಕೊಟ್ರೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ, ಗಾದ್ರಮ್ಮನೂ ಬಂದಿದ್ದರು. ಅವನ ಸರದಿ ಬಂದಾಗ ತಾವು ಮೈಕಿನ ಮುಂದೆಯೇ ಕೇಳಿದಿರಿ, ಈಗಲೂ ಮಾತ್ರೆ ತಗೊಳ್ತೀರಾ ಎಂದು. ಸುಳ್ಳು ಹೇಳಿದ್ದರೆ ಪಾಸಾಗುತ್ತಿದ್ದ. ಅವನು "ಹೂಂ ಸಾರ್, ದಿನಾ" ಎಂದ.

"ಮಾತ್ರೆ ಮೇಲೆ ಇರೋನು ಬೇರೆಯವ್ರಿಗೆ ಏನ್ ಹೇಳ್ತೀಯಾ? ಕಾಯಿಲೆ ಇಲ್ಲ, ಔಷಧಿ ಇಲ್ಲ ಅಂತ ಡಾಕ್ಟರ ಹತ್ರ ಸರ್ಟಿಫಿಕೇಟ್ ತಗೊಂಡು ಬಾ, ಆಮೇಲೆ ನೋಡೋಣ."

ಸಭೆಯಲ್ಲಿ ಕೆಲವರು ನಕ್ಕರು. ಅವನು ವೇದಿಕೆಯ ಮೆಟ್ಟಿಲಿಳಿದು, ತಾಯಿಯ ಕೈ ಹಿಡಿದು ಹೊರಗೆ ನಡೆದ. ನನಗೆ ಮಾತ್ರ ಚೀಟಿ ಸಿಕ್ಕಿತು. ನನ್ನ ತಲೆಯನ್ನು ಯಾರೂ ಪರೀಕ್ಷಿಸಲಿಲ್ಲ!

ಅದಾಗಿ ಊಟಕ್ಕೆ ಕೂತಾಗ ತಾವು ಡಬ್ಬಿ ತೆಗೆದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದಿರಿ, "ಹತ್ತು ವರ್ಷದಿಂದ ತಪ್ಪಿಸಿಲ್ಲ" ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದಿರಿ. ಎದುರಿನ ಸಾಲಿನಲ್ಲಿದ್ದ ನಾನು ಕೇಳಿಸಿಕೊಂಡೆ. ತಮ್ಮ ಮಾತ್ರೆ ಶಿಸ್ತು, ಅವನ ಮಾತ್ರೆ ಕಳಂಕ, ಅಲ್ಲವೇ? ದೇವರು ಕಾಯಿಲೆಯನ್ನು ಹೊಟ್ಟೆಯ ಹತ್ತಿರ ಇಟ್ಟರೆ ಮರ್ಯಾದೆ, ತಲೆಯ ಹತ್ತಿರ ಇಟ್ಟರೆ ಮೆಟ್ಟಿಲಿಳಿಯಬೇಕು. ಈ ಶಾಸ್ತ್ರವನ್ನು ತಮಗೆ ಯಾವ ತರಬೇತಿಯಲ್ಲಿ ಕಲಿಸಿದರು? ಕಾಯಿಲೆ ಕಂಡವನೇ ಬೇಕೆಂದು ಕರೆದವರು ತಾವು. ಈಜು ಬಲ್ಲವನೇ ಬೇಕು, ಆದರೆ ಅವನ ಮೈಗೆ ಎಂದೂ ನೀರು ತಾಗಿರಬಾರದು ಎಂದರೆ ಹೇಗೆ?

ಕೊಟ್ರೇಶ ತಮ್ಮ ಮಾತನ್ನು ನಂಬಿದ. ತಪ್ಪು ಇಷ್ಟೇ. "ಮಾತ್ರೆ ಬಿಟ್ರೆ ಕಾರ್ಡು ಕೊಡ್ತಾರಂತೆ ಬೇ" ಎಂದು ತಾಯಿಗೆ ಹೇಳಿ, ಡಾಕ್ಟರಿಗೂ ತಿಳಿಸದೆ ನಿಲ್ಲಿಸಿಬಿಟ್ಟ. ಮೊದಲು ನಿದ್ದೆ ಹೋಯಿತು. ಆಮೇಲೆ ಗಿರಣಿಯ ಸದ್ದಿನೊಳಗೆ ಬೈಗುಳ ತಿರುಗಿ ಬಂತು. ಒಂದು ಮಧ್ಯಾಹ್ನ ಗಿರಣಿಯನ್ನು ಓಡುವಂತೆಯೇ ಬಿಟ್ಟು, ಸಿಕ್ಕ ಬಸ್ಸು ಹತ್ತಿ ಹೊರಟ. ಹಾಗೂ ಹೀಗೂ ನ್ಯಾಮತಿ ಸೇರಿ, ನಿಲ್ದಾಣದಲ್ಲಿ ಒಬ್ಬನೇ ಮಾತಾಡುತ್ತ, ಅಳುತ್ತಿದ್ದ ಒಂದು ಮಗುವಿನ ಹತ್ತಿರ ಹೋದನಂತೆ. ಮಕ್ಕಳ ಕಳ್ಳ ಎಂದು ಯಾರೋ ಕೂಗಿದರು. ಕಂಬಕ್ಕೆ ಕಟ್ಟಿದರು. ಮುಂದಿನದನ್ನು ನಾನು ಬರೆಯಲಾರೆ.

ಪೊಲೀಸರು ಬಿಡಿಸಿ, ಅವನ ಫೋನಿನಿಂದ ನನಗೆ ಕರೆ ಮಾಡಿದರು. ಹೊಲಿಗೆ ಬಿಟ್ಟು ಎದ್ದೆ. ಆಗ, ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗದ ನನ್ನ ಯಜಮಾನರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ. ಅಲ್ಲಿ ಅವನಿಗೆ ಯಾರೂ ಗೊತ್ತಿಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನ ಕಂಬಿ ಬಿಡಲಿಲ್ಲ. ಠಾಣೆಯಲ್ಲಿ ಕೊಟ್ರೇಶ ಮೂಲೆಯಲ್ಲಿ ಮುದುಡಿದ್ದ, ಹತ್ತಿರ ಹೋದವರಿಗೆಲ್ಲ ಕಿರುಚುತ್ತಿದ್ದ. ಯಜಮಾನರು ಅವನ ಪಕ್ಕ ನೆಲದ ಮೇಲೆ ಕೂತರು. "ನಾನು ಕಣೋ, ಅರುಣ. ಹೊಡೆಯಾಕೆ ಬಂದಿಲ್ಲ, ಕರ್ಕೊಂಡ್ ಹೋಗಾಕೆ ಬಂದೀನಿ" ಎಂದರು. ಅವನು ಅವರ ಮುಖ ನೋಡಿ, ಊದಿದ ಕೈಯನ್ನು ಅವರ ತೊಡೆಯ ಮೇಲಿಟ್ಟ. ಆಸ್ಪತ್ರೆಯ ಗಾಡಿ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಈಗ ಕೊಟ್ರೇಶ ಮಾತ್ರೆ ಹಿಡಿದಿದ್ದಾನೆ, ಸುಧಾರಿಸಿದ್ದಾನೆ. ಮಣಿಕಟ್ಟು ಮಾತ್ರ ಸೊಟ್ಟಗೆ ಕೂಡಿಕೊಂಡಿದೆ, ಚೀಲ ಎತ್ತಲಾಗುವುದಿಲ್ಲ. ಗಾದ್ರಮ್ಮ ಈ ವಯಸ್ಸಿನಲ್ಲಿ ಜೋಳದ ಚೀಲ ಎಳೆಯುತ್ತಾರೆ. ಮತ್ತೆ ಜೊತೆಗಾರನಾಗಿ ಬಾ ಎಂದು ಕರೆದೆ. "ಬ್ಯಾಡ್ರಿ ಅಕ್ಕಾ, ನಮ್ಮಂಥೋರು ಹೇಳಿದ್ರೆ ಯಾರು ಕೇಳ್ತಾರ್ರಿ" ಎಂದ. ಕೈ ಮುರಿದವರಿಗಿಂತ ಈ ಮಾತು ಆಡುವಂತೆ ಮಾಡಿದವರ ಮೇಲೆ ನನಗೆ ಹೆಚ್ಚು ಸಿಟ್ಟು.

ತಮ್ಮ ಕಚೇರಿಗೆ ಎರಡು ಸಲ ಹೋದೆ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಎಂದರು. ಮಾನಸಿಕ ಆರೋಗ್ಯದ ಅರಿವು ಮೂಡಿಸುವ ಮೀಟಿಂಗೇ ಇರಬೇಕು.

ಆದ್ದರಿಂದ ಎಲ್ಲರಿಗೂ ಕಾಣುವಂತೆ ಕೇಳುತ್ತಿದ್ದೇನೆ. ಆ ಷರತ್ತನ್ನು ಲಿಖಿತವಾಗಿ ರದ್ದು ಮಾಡಿ. ಮಾತ್ರೆ ನುಂಗುತ್ತ ಬದುಕು ಕಟ್ಟಿಕೊಂಡವರೇ ಈ ಕೆಲಸಕ್ಕೆ ಮೊದಲು ತಕ್ಕವರು ಎಂದು ನಾಲ್ಕೂ ತಾಲ್ಲೂಕುಗಳಿಗೆ ಆದೇಶ ಕಳಿಸಿ. ಜೊತೆಗಾರರೇ ಹುಷಾರು ತಪ್ಪಿದರೆ ಅವರನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನೂ ಅದರಲ್ಲೇ ಬರೆಯಿರಿ. ಆಮೇಲೆ ತಾವು ಜಗಳೂರಿಗೆ ಹೋಗಿ, ಗಿರಣಿಯ ಮುಂದೆ ಹಿಟ್ಟು ಬೀಸಿಸಲು ಜನ ನಿಂತಿರುವ ಹೊತ್ತಿನಲ್ಲಿ, ತಪ್ಪು ನನ್ನದು ಎಂದು ಕೊಟ್ರೇಶನಿಗೆ ಹೇಳಿ. ಅವಮಾನ ಮಾಡಿದ್ದು ಮೈಕಿನಲ್ಲಿ. ಕ್ಷಮೆಯನ್ನು ಕಿವಿಯಲ್ಲಿ ಉಸುರಿದರೆ ನಡೆಯುವುದಿಲ್ಲ. ಗಿರಣಿಯ ಸದ್ದಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ಲೆಕ್ಕದಲ್ಲಿ ತಲೆ ನೆಟ್ಟಗಿರುವವಳು, ಅದಕ್ಕೇ ಇನ್ನೂ ತಮ್ಮಿಂದ ಉತ್ತರ ಬಂದೀತೆಂದು ಕಾಯುತ್ತಿರುವ ದಡ್ಡಿ,
ಶಿವಲೀಲಾ
ಕೆರೆಬಿಳಚಿ, ಚನ್ನಗಿರಿ ತಾಲ್ಲೂಕು