ನಂದಿದುರ್ಗ ಲೈನಿನ ಅಳಿಯ

ಅಪ್ಪಾ, ನಂದಿದುರ್ಗ ಲೈನಿನ ಅಳಿಯಂದಿರೇ,

ಹೀಗೆ ಕರೆದದ್ದಕ್ಕೆ ಕೋಪ ಬಂತೆ? ಬರಲಿ. ಎದ್ದು ಬಂದು ಕಪಾಳಕ್ಕೆ ಬಿಗಿಯುವ ಹಾಗಿಲ್ಲವಲ್ಲ ಈಗ. ನೀನು ಸತ್ತು ಎರಡು ವರ್ಷವಾಗುತ್ತಾ ಬಂತು. ಬದುಕಿದ್ದಷ್ಟು ದಿನ ನಿನಗಿದ್ದದ್ದು ಒಂದೇ ಆಸೆ: ಈ ಕೋಲಾರದ ಮಣ್ಣಿನಲ್ಲಿ ನಿನ್ನನ್ನು ಹೂಳಬಾರದು. ಮುಧೋಳದ ಕಡೆಯ ನಿನ್ನ ಊರಿಗೆ ಒಯ್ದು, ಹೊಲದ ಬದುವಿನಲ್ಲಿ ಅಪ್ಪ ಅಜ್ಜಂದಿರ ಸಾಲಿನಲ್ಲಿ ಕೂರಿಸಿ ಮಣ್ಣು ಕೊಡಬೇಕು. ಹೇಗೂ ಹೋಗುವವರು ಎಂದು ನೀನು ಇಲ್ಲೊಂದು ಮನೆಯನ್ನೂ ಕಟ್ಟಿಸಲಿಲ್ಲ. ಫ್ಯಾಕ್ಟರಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಬಂಗಾರಪೇಟೆಯ ಬಾಡಿಗೆ ಮನೆಯಲ್ಲಿ ಟ್ರಂಕು ಕಟ್ಟಿಕೊಂಡೇ ಕೂತಿದ್ದೆ. ಕೊನೆಗೆ ನಿನ್ನನ್ನು ಎಲ್ಲಿಟ್ಟೆವು ಎಂದು ನಿನಗೆ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ. ಹೇಳುವುದಕ್ಕೆ ಸ್ವಲ್ಪ ಖುಷಿಯೂ ಆಗುತ್ತಿದೆ, ಸುಳ್ಳು ಯಾಕೆ.

ಭಾನುವಾರಗಳು ನೆನಪಿವೆಯೆ? ವಾರವೆಲ್ಲ ಫ್ಯಾಕ್ಟರಿಯ ಲೆಕ್ಕಪತ್ರ, ಭಾನುವಾರ ಇತಿಹಾಸ ಸಂಶೋಧನೆ. ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಿಗೆ, ಅಂದರೆ ಲೈನುಗಳಿಗೆ, ಹೋಗುತ್ತಿದ್ದೆ. ಕಾಲೊನಿಯ ಸಂಘದ ವಾರ್ಷಿಕ ಸಂಚಿಕೆಗೆ ನೀನು ಬರೆಯುತ್ತಿದ್ದ ಲೇಖನಮಾಲೆ, ‘ಹೊರಗಿನಿಂದ ಬಂದವರು’. ನಂದಿದುರ್ಗ ಗಣಿಯ ಲೈನಿನ ಒಂದು ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆ: “ನಿಮ್ಮ ಮೂಲ ಊರು ಯಾವುದ್ರಿ?” ಅಜ್ಜಿ, “ಇದೇ ಸಾಮಿ,” ಎಂದಳು. “ಇದಲ್ಲ, ಇದಕ್ಕೂ ಮೊದಲು?” “ಮೊದ್ಲು ಮೈಸೂರ್ ಮೈನ್ಸಾಗಿದ್ವಿ.” ಅದೂ ಇಲ್ಲಿಯದೇ ಇನ್ನೊಂದು ಗಣಿ. “ಅದಕ್ಕೂ ಮೊದಲು?” ನೀನು ಬಿಡಲೇ ಇಲ್ಲ. ಬೇಸತ್ತು ಅವಳು ಯಾವುದೋ ಒಂದು ಊರಿನ ಹೆಸರು ಹೇಳಿದಳು. ನೀನು ಖುಷಿಯಿಂದ ಬರೆದುಕೊಂಡು ಸ್ಕೂಟರಿನ ಕಡೆ ನಡೆದೆ. ಹಿಂದೆ ಉಳಿದಿದ್ದ ನನಗೆ ಪಕ್ಕದ ಮನೆಯವಳು ಕೇಳಿದ್ದು ಕೇಳಿಸಿತು: “ಅದ್ಯಾವೂರಮ್ಮಾ?” ಅಜ್ಜಿ ನಗುತ್ತಿದ್ದಳು. “ಯಾರ್ಗೊತ್ತು? ಬೇತಮಂಗಲದಾಗೆ ಕಂಡಕ್ಟ್ರು ಕೂಗ್ತಿದ್ದ.”

ಆ ಊರು ನಿನ್ನ ಲೇಖನದಲ್ಲಿ ಅಚ್ಚಾಯಿತು ಅಪ್ಪಾ. ಆ ಲೈನಿನವರ ಮೂಲ ಎಂದು. ನಿನ್ನನ್ನು ಮಾತ್ರ ಯಾರೂ ಮೂಲ ಕೇಳಲಿಲ್ಲ. ತಗಡಿನ ಟ್ರಂಕು ಹಿಡಿದು ನೀನು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದಾಗ ಆ ಅಜ್ಜಿಯ ಮೊಮ್ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದರು. ಆದರೆ ಜೇಬಿನಲ್ಲಿ ನೇಮಕಾತಿಯ ಆರ್ಡರ್ ಇದ್ದವನು ನೌಕರ, ಇಲ್ಲದೆ ಬಂದವನು ವಲಸಿಗ. ಇಷ್ಟೇ ಅಲ್ಲವೆ ನಿನ್ನ ಶಾಸ್ತ್ರ?

ಸೆಲ್ವಿಯ ಮದುವೆಗೆ ಸಂಘದ ಹಾಲ್ ಕೇಳಲು ಮುನುಸಾಮಿ ಬಂದ ಸಂಜೆಯನ್ನು ನೀನು ಮರೆತಿರಲಾರೆ. ಸೆಲ್ವಿ ಶಾಲೆಯಲ್ಲಿ ನನ್ನ ಬೆಂಚಿನವಳು, ಅವಳಪ್ಪ ಮುನುಸಾಮಿ ಅದೇ ನಂದಿದುರ್ಗ ಲೈನಿನವರು, ನಿನ್ನದೇ ಫ್ಯಾಕ್ಟರಿಯಲ್ಲಿ ಫಿಟ್ಟರ್. ನೀನು ಸಂಘದ ಕಾರ್ಯದರ್ಶಿ. “ಮೂರು ತಲಿಮಾರಿಂದ ಇಲ್ಲೇ ಇದ್ದವರಿಗಷ್ಟ ಹಾಲ್ ಕೊಡೂದು ಅಂತ ನಿಯಮ ಐತ್ರಿ,” ಎಂದೆ. ಆ ನಿಯಮ ಹುಟ್ಟಿದ್ದೇ ಆ ಕ್ಷಣದಲ್ಲಿ. ಮುನುಸಾಮಿ ಬೆರಳು ಮಡಿಚಿದರು. “ನಮ್ ಮುತ್ತಾತ, ತಾತ, ನಮ್ಮಪ್ಪ, ನಾನು. ನಾಕಾಯ್ತು ಸಾರ್. ನಿಮ್ದೆಷ್ಟು?” ಯಾರೋ ಕಿಸಕ್ಕೆಂದರು. ನಿನ್ನ ಕಿವಿ ಕೆಂಪಾಯಿತು, ನಿಯಮ ಅಲ್ಲೇ ಬದಲಾಯಿತು: “ಹಂಗಲ್ರಿ, ಮೂಲ ಊರು ಈ ರಾಜ್ಯದಾಗ ಇರಬೇಕು. ನಿಮ್ಮದು ಆರ್ಕಾಟ್ ಕಡೆ ಅಂತ ನಾನ ಬರದೀನಿ.” ಮುನುಸಾಮಿ ಎದ್ದು ನಿಂತರು. “ನೀವು ಬರ್ದ್ಮೇಲೇ ನಮ್ಗೂ ಗೊತ್ತಾಗಿದ್ದು ಸಾರ್.” ಮದುವೆ ಲೈನಿನ ಬೀದಿಯಲ್ಲೇ ಶಾಮಿಯಾನದಡಿ ಆಯಿತು. ನೀನು ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ.

ಸತ್ತ ದಿನ ಬೆಳಿಗ್ಗೆ ಚಹದ ಕಪ್ಪು ಕೈಯಲ್ಲಿರುವಾಗಲೇ ನೀನು ಪಕ್ಕಕ್ಕೆ ವಾಲಿದೆ. ಡಾಕ್ಟರು ಬಂದು ತಲೆಯಾಡಿಸಿ ಹೋದ ಮೇಲೆ ನಾನು ಮೊದಲು ಮಾಡಿದ್ದು ಊರಿಗೆ ಫೋನ್. ನಿನ್ನ ತಮ್ಮ, ನಮ್ಮ ಕಾಕಾ, ಮೊದಲು ಸ್ವಲ್ಪ ಅತ್ತರು. ಆಮೇಲೆ ಗಂಟಲು ಸರಿಮಾಡಿಕೊಂಡರು. “ಬದುವಿನ ತನಕಾ ಕಬ್ಬು ಹಚ್ಚೀವಿ ನೀಲಾ. ಆಳೆತ್ತರ ನಿಂತೈತಿ. ಈಗ ಅದರಾಗ ಗುಂಡಿ ಹ್ಯಾಂಗ ತೆಗೀಲಿ? ಅಣ್ಣನ್ನ ಗುರುತ ಹಿಡಿಯೋರಾದರೂ ಊರಾಗ ಯಾರದಾರ? ಅವ ಈಗ ಕೋಲಾರದಂವ. ಅಲ್ಲೇ ಮುಗಸ್ರಿ.” ನಾನು ಏನೋ ಹೇಳಲು ಹೋದೆ… ಫೋನ್ ಕಟ್ಟಾಗಿತ್ತು.

ಬಂಗಾರಪೇಟೆಯಲ್ಲಿ ನಮ್ಮವರದೇ ಒಂದು ರುದ್ರಭೂಮಿ ಇದೆ ಎಂದು ಯಾರೋ ಹೇಳಿದರು. ಬೀಗದ ಕೈ ಇದ್ದ ಹಿರಿಯರ ಮನೆಗೆ ಓಡಿದೆ. ಅಷ್ಟರಲ್ಲಾಗಲೇ ಮನೆ ಓನರ್ ಬಾಗಿಲಲ್ಲಿ ನಿಂತು, “ಸಾಯಂಕಾಲದೊಳ್ಗೆ ಎತ್ಬಿಡ್ರಮ್ಮ,” ಎಂದು ಹೇಳಿಯಾಗಿತ್ತು. ಆ ಹಿರಿಯರು ಒಳ್ಳೆಯವರೇ. ಕೂರಿಸಿ ಕಾಫಿ ಕೊಟ್ಟರು. “ಮೂರು ತಲೆಮಾರಿಂದ ಇಲ್ಲೇ ಇರೋ ಮನೆತನ್ದೋರ್ಗೆ ಮಾತ್ರ ಕಣಮ್ಮ. ಒಬ್ಬರ್ಗೆ ಬಿಟ್ರೆ ಒರಗಿನೋರೆಲ್ಲ ಬತ್ತಾರೆ,” ಎಂದರು. ನಮ್ಮಪ್ಪ ಇಲ್ಲೇ ದುಡಿದು ಇಲ್ಲೇ ರಿಟೈರ್ ಆದವರು ಎಂದೆ. “ಇದ್ದೋರೇ ಬೇರೆ, ಇಲ್ಲಿಯೋರೇ ಬೇರೆ. ನಿಮ್ಮ ಮೂಲ ಯಾವ ಕಡೆ, ಧಾರ್ವಾಡ ಕಡೆಯಾ?” ನಾನು ನಕ್ಕುಬಿಟ್ಟೆ ಅಪ್ಪಾ. ಅಪ್ಪನ ಹೆಣ ಮನೆಯಲ್ಲಿರುವಾಗ ಹಲ್ಲು ಬಿಟ್ಟು ನಗುವ ಹೆಂಗಸನ್ನು ಕಂಡು ಆ ಮನುಷ್ಯ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಸುಟ್ಟುಬಿಡೋಣ ಎಂದೆ. ನಮ್ಮಲ್ಲಿ ಸುಡುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಆಗ ಸೆಲ್ವಿಗೆ ಫೋನ್ ಮಾಡಿದೆ. ಬೇರೆ ಯಾರು ಉಳಿದಿದ್ದರು ಹೇಳು? ವ್ಯಾನು ನಂದಿದುರ್ಗದ ಲೈನಿನವರ ಸ್ಮಶಾನದ ಗೇಟಿಗೆ ಬಂದು ನಿಂತಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಮುನುಸಾಮಿ ಮೋಟು ಗೋಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಏಳಲಿಲ್ಲ. ಆ ಬೀಡಿ ಮುಗಿಸಿ ಇನ್ನೊಂದು ಹಚ್ಚಿದರು. ಅವ್ವ ನಿನ್ನ ಕೆನ್ನೆಯ ಮೇಲಿನ ನೊಣಗಳನ್ನು ಸೆರಗಿನಿಂದ ಓಡಿಸುತ್ತಾ ಕೂತಿದ್ದಳು. ಕಡೆಗೆ ಅವರು ಎದ್ದು ಬಂದು ವ್ಯಾನಿನೊಳಗೆ ಇಣುಕಿ ನನ್ನನ್ನು ಕೇಳಿದರು: “ಸೊಂತ ಊರು ಯಾವ್ದಮ್ಮ ಇವ್ರ್ದು?”

“ಮುಧೋಳದ ಕಡೆ.”

“ಅಲ್ಲಿ ಜಾಗ ಇಲ್ವಾ?”

“ಇಲ್ಲ ಅಂದರು.”

“ಬಂಗಾರಪೇಟೇಲಿ ನಿಮ್ಮೋರು?”

“ಕೊಡಲಿಲ್ಲ.”

“ಜೋರಾಗಿ ಏಳಮ್ಮ, ಇಂದ್ಗಡೆಯೋರ್ಗೂ ಕೇಳ್ಲಿ.”

ಜೋರಾಗಿ ಹೇಳಿದೆ. ಲೈನಿಗೆ ಲೈನೇ ನಿಂತು ಕೇಳಿತು. ಅವರ ಮುಖದಲ್ಲಿ ಕರುಣೆ ಇತ್ತು ಎಂದು ಬರೆದರೆ ನಿನ್ನ ಲೇಖನದಷ್ಟೇ ಸುಳ್ಳಾಗುತ್ತದೆ. ಅವರು ಸವಿಯುತ್ತಿದ್ದರು. ನನಗೆ ಅವಮಾನದಿಂದ ಕಣ್ಣು ಕತ್ತಲಿಟ್ಟಿತು, ನಿನ್ನ ಮೇಲೆ ಬಂದ ಸಿಟ್ಟಿಗಂತೂ ಲೆಕ್ಕವಿಲ್ಲ.

ಆಗ ಒಬ್ಬಳು ಮುದುಕಿ ಅಡ್ಡ ಬಂದಳು. “ತಾಯ್ಮನೆ ಸೀರೆ ಬಂತಾ?” ಗಂಡ ಸತ್ತವಳಿಗೆ ತವರಿನವರು ಹೊಸ ಸೀರೆ ಹೊದಿಸದೆ ಹೆಣ ಎತ್ತುವ ಹಾಗಿಲ್ಲ, ಅವರಲ್ಲೂ, ನಮ್ಮಲ್ಲೂ. ಅವ್ವನ ತವರಿನಲ್ಲಿ ಯಾರು ಉಳಿದಿದ್ದಾರೆ? ಅವ್ವ ವ್ಯಾನಿನಿಂದ ಇಳಿದು ನೇರ ಮುನುಸಾಮಿಯ ಎದುರು ನಿಂತು, “ಅಣ್ಣಾ, ಎನಕ್ಕು ಯಾರುಮಿಲ್ಲೆ,” ಎಂದಳು. ನನಗೆ ಯಾರೂ ಇಲ್ಲ ಅಣ್ಣಾ, ಎಂದು. ಹೌದು, ತಮಿಳಿನಲ್ಲಿ! ನೀನು ಸಂಘದ ಸಭೆಗಳಲ್ಲಿ ಭಾಷಣ ಬಿಗಿಯುತ್ತಿದ್ದ ಅಷ್ಟೂ ವರ್ಷ ನಲ್ಲಿಯ ಹತ್ತಿರದ ಹೆಂಗಸರಿಂದ ಅವಳು ಕಲಿತಿದ್ದಳು, ನಿನಗೆ ಗೊತ್ತೇ ಇರಲಿಲ್ಲ. ಮುನುಸಾಮಿ ಬೀಡಿ ಎಸೆದರು. ಸೆಲ್ವಿಯನ್ನು ಅಂಗಡಿಗೆ ಓಡಿಸಿ ಸೀರೆ ತರಿಸಿ ಅವ್ವನ ಹೆಗಲಿಗೆ ಹೊದಿಸಿದರು. ತಂಗಿಯ ಗಂಡನಾದ ಮೇಲೆ ಅವರ ಮನೆಯವರ ಸಾಲಿನಲ್ಲಿ ನಿನಗೆ ಜಾಗ ಇದ್ದೇ ಇದೆ. “ಇವ್ನು ನಮ್ಮನೆ ಅಳಿಯ,” ಎಂದು ಕೂಗಿದರು. “ಎತ್ರಲಾ!”

ಗುಂಡಿ ಸೊಂಟದಷ್ಟು ಆಳ ಹೋಗುವಷ್ಟರಲ್ಲಿ ಬಂಡೆ ಸಿಕ್ಕಿತು. ನಮ್ಮವರಂತೆ ಕೂರಿಸಲು ಆ ಆಳ ಸಾಲದು. “ಏನ್ಮಾಡಾನಮ್ಮ, ಡೈನಮೈಟ್ ಇಕ್ಲಾ ಅಳಿಯಂದ್ರಿಗೆ?” ಎಂದರು ಮುನುಸಾಮಿ. ಎಲ್ಲರೂ ನಕ್ಕರು. ಶಾಸ್ತ್ರ ಮಾಡಿಸಲು ಅಯ್ನೋರು ಇರಲಿಲ್ಲ. ಅವ್ವನೇ ವಿಭೂತಿ ಹಚ್ಚಿ ನಿನ್ನ ಎಡಗೈಯಲ್ಲಿ ಲಿಂಗ ಇಟ್ಟಳು. ನಿನ್ನನ್ನು ಕೂರಿಸಲಿಲ್ಲ ಅಪ್ಪಾ, ಅವರ ಹಿರಿಯರನ್ನು ಮಲಗಿಸಿದಂತೆ ಉದ್ದಕ್ಕೆ ಮಲಗಿಸಿದೆವು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಮುನುಸಾಮಿಯೇ ಬಂದು ನಮ್ಮನ್ನು ಕರೆದೊಯ್ದರು. ಅವರ ಹಿರಿಯರಿಗೆಲ್ಲ ಎಲೆ ಹಾಕಿದ್ದರು, ಕೊನೆಯದು ನಿನ್ನದು. ಎಲೆಯ ತುಂಬ ಮಟನ್, ಒಣಮೀನಿನ ಗೊಜ್ಜು, ಪಕ್ಕದಲ್ಲಿ ಒಂದು ಕ್ವಾರ್ಟರ್. ಅವ್ವ ಅದರ ಅಂಚಿಗೆ ಮೆಲ್ಲಗೆ ಒಂದು ಹೋಳಿಗೆ ಇಟ್ಟಳು. “ಅಳಿಯಂದ್ರು ಮೊದ್ಲು ಯಾವುದ್ಕೆ ಕೈ ಆಕ್ತಾರೋ ನೋಡಾನ,” ಎಂದರು ಮುನುಸಾಮಿ. ಕಾಗೆ ಬಂತು, ಸುತ್ತ ನೋಡಿತು, ಒಣಮೀನು ಕಚ್ಚಿಕೊಂಡು ಹಾರಿಹೋಯಿತು.

ಕಾಲೇಜಿನಲ್ಲಿ ಈಗ ನಾನು ವಲಸೆಯ ಚರಿತ್ರೆಯ ಪಾಠವನ್ನು ನಿನ್ನಿಂದಲೇ ಶುರು ಮಾಡುತ್ತೇನೆ. ಬೋರ್ಡಿನ ಮೇಲೆ ಮುಧೋಳದಿಂದ ಬಂಗಾರಪೇಟೆಗೆ ಒಂದು ಬಾಣ. ನಮ್ಮ ಪುಸ್ತಕಗಳೆಲ್ಲ ಲೈನಿನವರು ಯಾವ ರೈಲಿನಿಂದ ಇಳಿದರು ಎಂದು ಪುಟಗಟ್ಟಲೆ ಬರೆಯುತ್ತವೆ, ಅವರನ್ನು ಎಣಿಸಲು ನಿಂತವನು ಯಾವ ರೈಲಿನಿಂದ ಇಳಿದ ಎಂದು ಬರೆಯುವುದಿಲ್ಲ. ಈಗಲೂ ದೂರದಿಂದ ಸಂಶೋಧಕರು ಬರುತ್ತಾರೆ, ತಾಯ್ನಾಡಿನ ನೆನಪಾಗುತ್ತದೆಯೆ ಎಂದು ಲೈನಿನ ಮುದುಕರನ್ನು ಕೇಳುತ್ತಾರೆ. ಆ ಹಂಬಲವಿದ್ದದ್ದು ಅವರಿಗಲ್ಲ, ನಿನಗೆ. ಬಾಣ ಎಳೆದು ಮುಗಿಸಿದಾಗ ಒಬ್ಬ ಹುಡುಗಿ ಕೇಳಿದಳು: “ಅವ್ರು ವಾಪಸ್ ಓದ್ರಾ ಮೇಡಂ?”

ದೀಪಾವಳಿಯ ಮರುದಿನ ಕಾಕಾ ಹೊಸ ಗಡಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಬ್ಬಿಗೆ ರೋಗ, ಮೊಮ್ಮಗನಿಗೆ ಬಿಡದ ಜ್ವರ. ಹಿರಿಯ ಮಗ ಪರರ ಮಣ್ಣಿನಲ್ಲಿದ್ದಾನೆ, ಅದಕ್ಕೇ ಹೀಗೆ ಎಂದು ಸ್ವಾಮಿಗಳು ಹೇಳಿದರಂತೆ. “ಅಣ್ಣನ ಗುಂಡೀದು ಒಂದು ಗಡಿಗಿ ಮಣ್ಣ ಕೊಡ್ರಿ. ಬದುವಿನಾಗ ಇಟ್ಟು ಗದ್ದಿಗಿ ಕಟ್ಟಸ್ತೀನಿ.” ಇದನ್ನೂ ಹೇಳಿಬಿಡುತ್ತೇನೆ ಅಪ್ಪಾ. ಕೊನೆಗೂ ನೀನು ಊರಿಗೆ ಹೋಗುತ್ತೀಯ ಎಂದುಕೊಂಡೆ. ಅವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು. “ನಡೀರಿ, ನೀವ ನಿಮ್ಮ ಕೈಯಾರೆ ತಗೋರಿ.”

ಯಾರ ಸ್ಮಶಾನ ಎಂದು ಕಾಕಾ ಕೇಳಿದರು. ಅವ್ವ ಹೇಳಿದಳು. ಕಾಕಾ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. “ಅಯ್ಯ, ಆ ಮಂದಿ ಸುಡಗಾಡಿನಾಗ ನಾ ಕಾಲಿಡಾಂಗಿಲ್ಲ. ನೀವ ತಂದ ಕೊಡ್ರಿ. ಗೋಮೂತ್ರ ಹೊಡದ ಒಯ್ತೀನಿ.”

ಅವ್ವ ಅವರಿಗೆ ಚಹ ಕೊಟ್ಟು, ಗಡಿಗೆ ಎತ್ತಿಕೊಂಡು ನನ್ನೊಂದಿಗೆ ಆಟೋ ಹತ್ತಿದಳು. ಸ್ಮಶಾನದವರೆಗೆ ಹೋಗಲೇ ಇಲ್ಲ. ಗಣಿಯವರು ಬಂಗಾರ ಹಿಂಡಿ ಸೈನೈಡ್ ಸಮೇತ ಸುರಿದು ಹೋದ ಬೂದು ಮರಳಿನ ಗುಡ್ಡದ ಹತ್ತಿರ, “ಇಲ್ಲೇ ನಿಲ್ಸಪಾ,” ಎಂದಳು. ಎರಡೂ ಕೈಯಿಂದ ಗಡಿಗೆ ತುಂಬಿ ಕೆಂಪು ಬಟ್ಟೆ ಬಿಗಿದಳು. “ಅವ್ವಾ, ಇದು…” ಎಂದೆ. “ಬಾಯಿ ಮುಚ್ಚು. ಅವರ ಅಳಿಯನ್ನ ಅವರಿಂದ ಕಸಗೊಂಡು ಇಂಥವನ ಕೈಯಾಗ ಕೊಡ್ಲೇನು?”

ಕಾಕಾ ಗಡಿಗೆಯನ್ನು ಕಣ್ಣಿಗೊತ್ತಿಕೊಂಡು, “ಅಣ್ಣಾ” ಎಂದು ಬಿಕ್ಕಿ, ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿದರು. ಊರಿನ ಬದುವಿನಲ್ಲಿ ಈಗ ಗದ್ದಿಗೆ ಎದ್ದಿದೆ. ಗಡಿಗೆಯ ಮಣ್ಣನ್ನು ನಡುವೆ ಸುರಿದು ಅದರಲ್ಲಿ ಬಿಲ್ವದ ಸಸಿ ನೆಟ್ಟರು. ಒಣಗಿತು. ಇನ್ನೊಂದು ನೆಟ್ಟರು, ಅದೂ ಒಣಗಿತು. ದೊಡ್ಡ ಜೀವ, ತಪಸ್ಸಿನ ಕಾವು ಇನ್ನೂ ಆರಿಲ್ಲ ಎಂದರಂತೆ ಸ್ವಾಮಿಗಳು. ಸೋಮವಾರ ಸೋಮವಾರ ಊರೇ ಬಂದು ಕೈಮುಗಿಯುತ್ತಿದೆಯಂತೆ. ಮೊನ್ನೆ ಕಾಕಾ ಫೋನ್ ಮಾಡಿ, ಮೂರನೆಯ ಸಸಿ ತರಿಸಿದ್ದೇವೆ, ಈ ಸಲವಾದರೂ ಅಣ್ಣ ಒಲಿಯಬೇಕು ಎಂದರು. ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

“ದಿನಾ ತಪ್ಪದ ನೀರ ಹಾಕ್ರಿ,” ಎಂದಳು.

ನಿನ್ನ ಮಗಳು,
ನೀಲಾ