ಓದದೆಯೇ ಬೀಗ ಹಾಕಿಸಿದ ಪ್ರೇಮಕಥೆ: ವಾಚನಾಲಯಗಳ ಮೇಲಧಿಕಾರಿಗಳಿಗೆ

ವಾಚನಾಲಯಗಳ ಮೇಲಧಿಕಾರಿಗಳಾದ ಮಾನ್ಯರೇ,

ನಂಜನಗೂಡು–ತಿ. ನರಸೀಪುರ ರಸ್ತೆಯಲ್ಲಿರುವ ನಮ್ಮೂರ ವಾಚನಾಲಯದಿಂದ ‘ಗೋಪುರನಗರದ ಹುಡುಗಿ’ ಎಂಬ ಕಾದಂಬರಿಯನ್ನು ತೆಗೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದೀರಿ. ‘ಕುಟುಂಬ ವ್ಯವಸ್ಥೆಗೆ ಧಕ್ಕೆ ತರುವ ಕೃತಿ’ ಎಂಬುದು ತಮ್ಮ ಆದೇಶದಲ್ಲಿರುವ ಕಾರಣ. ಧಕ್ಕೆಯಾದ ಆ ಕುಟುಂಬ ನಮ್ಮದೇ. ದೂರು ಕೊಟ್ಟ ಸಿದ್ದಮಲ್ಲಪ್ಪನವರು ನನ್ನ ಯಜಮಾನರು. ಪುಸ್ತಕವನ್ನು ಅವರು ಓದಿಲ್ಲ. ತಾವೂ ಓದಿದಂತೆ ಕಾಣುವುದಿಲ್ಲ, ಏಕೆಂದರೆ ಆದೇಶದಲ್ಲಿ ಅದನ್ನು ‘ಅಶ್ಲೀಲ’ ಎಂದೂ ಕರೆದಿದ್ದೀರಿ. ಇಡೀ ಕಾದಂಬರಿಯಲ್ಲಿ ನಾಯಕ ನಾಯಕಿಯ ಕೈ ಹಿಡಿಯುವುದು ಒಮ್ಮೆ, ಅದೂ ಅವಳು ಗೋಡೆಯಿಂದ ಜಾರಿದಾಗ. ಬೀಳಲಿ ಎಂದು ಬಿಡಬೇಕಿತ್ತೇ?

ಮಗಳು ಶಿವಾನಿ ಮನೆಗೆ ತಂದಿದ್ದಾಗ ಅದನ್ನು ನಾನೂ ಓದಿದೆ. ಮುಂದೆಂದೋ ಬರುವ ಕಾಲದ ಕಥೆ. ಗೋಪುರನಗರದಲ್ಲಿ ಹದಿನೆಂಟು ತುಂಬಿದ ಹುಡುಗಿಗೆ ಗಂಡ ಯಾರೆಂದು ಸರ್ಕಾರವೇ ನಿರ್ಧರಿಸುತ್ತದೆ. ನಾಯಕಿಯೋ ಊರಿನ ಗೋಡೆ ಕಾಯುವ ಹುಡುಗನನ್ನು ಪ್ರೀತಿಸುತ್ತಾಳೆ. ನಿಜ ಹೇಳಬೇಕೆಂದರೆ ಪುಸ್ತಕ ಅಷ್ಟೇನೂ ಚೆನ್ನಾಗಿಲ್ಲ. ಹುಡುಗನ ಕಣ್ಣು ಬೂದು ಬಣ್ಣದ್ದು ಎಂದು ಲೇಖಕರು ಹೇಳುತ್ತಾರೆ, ನಾವು ಮರೆತೇವೆಂದು ಪುಟ ತಿರುಗಿದಂತೆಲ್ಲ ಮತ್ತೆ ಹೇಳುತ್ತಾರೆ. ಆ ಸರ್ಕಾರದ ವಿರುದ್ಧ ಕ್ರಾಂತಿ ಮಾಡುವ ಅಷ್ಟು ಜನಕ್ಕೆ ಅಡುಗೆ ಮಾಡುವವರು ಯಾರೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಹುಡುಗ ಅವಳಿಗಾಗಿ ಪ್ರಾಣ ಕೊಡಲು ಸಿದ್ಧ, ಆದರೆ ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ಸಿದ್ಧನಿಲ್ಲ. ಇಂಥ ಅಳಿಯನನ್ನು ನಾನಂತೂ ಒಪ್ಪುತ್ತಿರಲಿಲ್ಲ. ಆದರೂ ಅದರಲ್ಲೊಂದು ದೃಶ್ಯವಿದೆ. ಗಂಡನ ಹೆಸರನ್ನು ಓದಿ ಹೇಳುವ ಸಭೆಯಲ್ಲಿ ನಾಯಕಿ ಎದ್ದು ನಿಂತು, ನನ್ನನ್ನು ಯಾರಾದರೂ ಕೇಳಿದಿರಾ ಎನ್ನುತ್ತಾಳೆ. ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ನನ್ನನ್ನು ನೋಡಲು ಬಂದಿದ್ದ ದಿನ ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ತುರಿದು ಮುಗಿಯುವ ಮೊದಲೇ ಒಪ್ಪಿಗೆಯಾಯಿತೆಂಬ ಸುದ್ದಿ ಬಂತು.

ಇನ್ನು ಧಕ್ಕೆಯ ವಿಚಾರ. ಪಿಯುಸಿ ಮುಗಿಸಿದ ಶಿವಾನಿಗೆ ಮೈಸೂರಿನಲ್ಲಿ ನರ್ಸಿಂಗ್ ಓದುವ ಆಸೆ. ಅಷ್ಟರಲ್ಲಿ ಬನ್ನೂರಿನಿಂದ ಸಂಬಂಧ ಬಂತು. ಹುಡುಗ ಅಮೃತೇಶ್, ಸ್ವಂತ ಗೊಬ್ಬರದ ಅಂಗಡಿ, ಒಳ್ಳೆಯ ಮನೆತನ. ಉಪ್ಪಿಟ್ಟು, ಕೇಸರಿಬಾತು ಮುಗಿದು ಲಗ್ನದ ತಿಂಗಳ ಮಾತಾಗುತ್ತಿತ್ತು. ಕಾಫಿ ಕೊಟ್ಟ ಶಿವಾನಿ ಒಳಗೆ ಹೋಗದೆ ಅಲ್ಲೇ ನಿಂತಳು.

“ಅಪ್ಪಾಜಿ, ನನ್ನ ಒಂದ್ ಮಾತೂ ಕೇಳ್ನಿಲ್ವಲ್ಲ?”

“ನಿನ್ನೇನವ್ವ ಕೇಳಾದು? ಒಳಕ್ಕೋಗು.”

“ಓಗಾಕಿಲ್ಲ. ನಾನು ಓದ್ಬೇಕು. ನಂಗೀಗ ಮದ್ವೆ ಬ್ಯಾಡ.”

ಅವಳ ದನಿ ನಡುಗುತ್ತಿತ್ತು. ಕಾದಂಬರಿಯ ಹುಡುಗಿಯ ದನಿ ನಡುಗುವುದಿಲ್ಲ. ಇದು ಆ ಪುಸ್ತಕದ ಇನ್ನೊಂದು ದೋಷ. ಯಜಮಾನರು ನನ್ನ ಕಡೆ ನೋಡಿದರು. ಮಗಳನ್ನು ಗದರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ನನ್ನ ಬಾಯಿಂದ ಬಂದದ್ದು, “ಅವ್ಳೇಳಾದು ಸರಿಯಾಗದೆ ಕಣ್ರೀ.” ನಾಲ್ಕು ಜನರ ಮುಂದೆ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಆ ಲೈಬ್ರರಿ ಪುಸ್ತಕ ಓದಿ ಓದಿ ಕೆಟ್ಟೋದ್ಲು,” ಎಂದು ಯಜಮಾನರು ಬೀಗರಾಗಬೇಕಿದ್ದವರಿಗೆ ವಿವರಿಸಿದರು. ಅದುವರೆಗೂ ತಲೆ ತಗ್ಗಿಸಿ ಕೂತಿದ್ದ ಅಮೃತೇಶ್ ಆಗ ಬಾಯಿ ಬಿಟ್ಟ: “ಯಾವ್ ಪುಸ್ತಕ ಸಾ ಅದು?” ಅವನ ತಂದೆ ಅವನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಯಜಮಾನರು ತಮಗೆ ದೂರು ಕೊಟ್ಟರು. ವಾಚನಾಲಯದ ತಾರಸಿ ಸೋರುತ್ತದೆಂದು ಓದುಗರು ಕೊಟ್ಟ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಈ ದೂರಿಗೆ ಮಾತ್ರ ತಾವು ವಾರದೊಳಗೆ ಸ್ಪಂದಿಸಿದಿರಿ. ಇಂಥ ದಕ್ಷತೆ ನಮ್ಮೂರಿಗೆ ಹೊಸದು. ನಾನು ವಿಚಾರಿಸಲು ಹೋದಾಗ ಅಲ್ಲಿನ ಮೇಲ್ವಿಚಾರಕ ಗಂಗಾಧರಸ್ವಾಮಿ, “ಮೇಲಿಂದ ಆರ್ಡರ್ ಬಂದದೆ ಕಣಕ್ಕ, ನಾನೇನ್ ಮಾಡ್ಲಿ? ಮೊನ್ನೆ ಬನ್ನೂರಿಂದ ಒಬ್ಬ ಉಡುಗ ಬಸ್ಸತ್ಕಂಡು ಬಂದಿದ್ದ, ಇದೇ ಪುಸ್ತಕ ಬೇಕು ಅಂತ. ಗೊಬ್ರದ ಅಂಗ್ಡಿಯವ್ನಂತೆ. ಸುಮ್ಕೆ ವಾಪಸ್ ಕಳುಸ್ದೆ,” ಎಂದರು. ನಮ್ಮ ಮನೆಯ ಆ ಸಭೆಯಲ್ಲಿ ಹುಡುಗನನ್ನೂ ಯಾರೂ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಶಿವಾನಿ ಈಗ ನರ್ಸಿಂಗ್ ಸೇರಿದ್ದಾಳೆ. ಯಜಮಾನರು ಅವಳ ಹತ್ತಿರ ಮಾತು ಬಿಟ್ಟಿದ್ದಾರೆ, ಆದರೆ ದಿನಾ ಬೆಳಿಗ್ಗೆ ಬಸ್ ಸ್ಟಾಂಡಿಗೆ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ. ಬಸ್ಸು ಹೊರಡುವವರೆಗೂ ನಿಂತಿರುತ್ತಾರೆಂದು ಅವಳೇ ಹೇಳಿದಳು. ನಮ್ಮ ಕುಟುಂಬ ವ್ಯವಸ್ಥೆ ಸದ್ಯಕ್ಕೆ ಈ ರೀತಿ ನಡೆಯುತ್ತಿದೆ.

ಆದ್ದರಿಂದ ಮಾನ್ಯರೇ, ಆದೇಶವನ್ನು ಹಿಂಪಡೆದು ಪುಸ್ತಕವನ್ನು ಹೊರಗಿಡಿಸಿ. ತಾವೇ ಮೊದಲು ಓದಬೇಕೆಂದು ನಾನು ಒತ್ತಾಯಿಸುವುದಿಲ್ಲ. ಅದನ್ನು ಮೊದಲು ಬನ್ನೂರಿನ ಆ ಹುಡುಗನಿಗೆ ಕೊಡಿಸಿ. ಅವನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆಂದು ಕೇಳಿದೆ. ತಡವಾದರೆ ಉಪಯೋಗವಿಲ್ಲ.

ಇಂತಿ,
ಧಕ್ಕೆಯಾದ ಕುಟುಂಬದ ಪರವಾಗಿ, ಮನೆಯಲ್ಲಿ ಯಾರನ್ನೂ ಕೇಳದೆ,
ಸರ್ವಮಂಗಳಾ